ರಾತ್ರಿ ಮುಗಿಲು ತಿಳಿಯಾಗಿದ್ದರೆ

ಮೇ ಕೊನೆಗೆ ಡೆನ್ವರ್ ಪೂರ್ತಿ ಬೇಸಿಗೆಯ ಊರು. ಜನ ಚಡ್ಡಿ, ಟೀ ಶರ್ಟಿನಲ್ಲಿ ಓಡಾಡುತ್ತಾರೆ, ಸಂಜೆಯಾದರೆ ಪಾರ್ಕುಗಳಲ್ಲಿ ಗ್ರಿಲ್ ಹೊಗೆ ಏಳುತ್ತದೆ. ಅದೇ ಹೊತ್ತಿಗೆ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರ್ ದೂರದ ಅರಾಪಹೊ ಬೇಸಿನ್‌ನಲ್ಲಿ ಚೇರ್‌ಲಿಫ್ಟ್ ಇನ್ನೂ ತಿರುಗುತ್ತಿರುತ್ತದೆ. ಕೊಲರಾಡೊದ ಉಳಿದ ಸ್ಕೀ ತಾಣಗಳಲ್ಲಿ ಹೆಚ್ಚಿನವು ಏಪ್ರಿಲ್‌ನಲ್ಲೇ ಬಾಗಿಲು ಹಾಕಿರುತ್ತವೆ. ಇಲ್ಲಿ ಮಾತ್ರ ಸಾಮಾನ್ಯವಾಗಿ ಜೂನ್ ಮೊದಲ ವಾರದವರೆಗೆ ಸ್ಕೀ ನಡೆಯುತ್ತದೆ. ಹಿಮ ಚೆನ್ನಾಗಿ ಬಿದ್ದ 2019ರಲ್ಲಿ ಜುಲೈ 4ರವರೆಗೂ ನಡೆಯಿತು.

ಇದಕ್ಕೆ ಕಾರಣ ಎತ್ತರ. ಬೆಟ್ಟದ ಬುಡವೇ ಸಮುದ್ರಮಟ್ಟದಿಂದ 3,286 ಮೀಟರ್ ಮೇಲಿದೆ. ನೆತ್ತಿ ನಾಲ್ಕು ಸಾವಿರ ಮೀಟರಿಗೆ ತುಸುವೇ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಅಮೆರಿಕದ 10ನೇ ಪರ್ವತ ಡಿವಿಷನ್ನಿನವರೂ ಸೇರಿ 1946ರಲ್ಲಿ ಕಟ್ಟಿದ ತಾಣ ಇದು. ಲಿಫ್ಟಿಗೆ ತೀರ ಹತ್ತಿರದ ಪಾರ್ಕಿಂಗ್ ಸಾಲಿಗೆ ಎಲ್ಲರೂ ‘ಬೀಚ್’ ಎನ್ನುತ್ತಾರೆ. ವಸಂತ ಬಂದರೆ ಅಲ್ಲಿ ಮಡಚುವ ಕುರ್ಚಿ, ಒಲೆ, ನಾಯಿ, ಮಕ್ಕಳು. ಆ ಗದ್ದಲ ನನಗೆ ಇಷ್ಟ. ಆದರೆ ನಾನು ವರ್ಷವರ್ಷವೂ ಅಲ್ಲಿಗೆ ಹೋಗುವುದು ಹಿಮಕ್ಕಾಗಿ. ಅಲ್ಲಲ್ಲಿ ಹರಿದ, ಕೆಳಗಿನ ಕಲ್ಲು ಹುಲ್ಲು ಕಾಣಿಸುವ, ಇನ್ನೆರಡು ವಾರದಲ್ಲಿ ನೀರಾಗಿ ಹೋಗಲಿರುವ ಹಿಮ. ಸ್ಕೀಯಿಂಗ್ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲನ್ನು ಕಲಿಸಿದ್ದು ಅದೇ.

ಜನವರಿಯ ಹಿಮ ಧಾರಾಳಿ. ಬಿದ್ದರೂ ಪೆಟ್ಟಾಗುವುದಿಲ್ಲ, ಬೆಳಿಗ್ಗೆ ಹೋದರೂ ಮಧ್ಯಾಹ್ನ ಹೋದರೂ ದೊಡ್ಡ ವ್ಯತ್ಯಾಸವಿಲ್ಲ. ಮೇ ತಿಂಗಳ ಹಿಮಕ್ಕೆ ಹೊತ್ತುಗೊತ್ತು ಉಂಟು. ಒಂದೇ ಇಳಿಜಾರು ಬೆಳಿಗ್ಗೆ ಎಂಟಕ್ಕೆ ಕಲ್ಲಿನಷ್ಟು ಗಟ್ಟಿ, ಹತ್ತೂವರೆಗೆ ಹೇಳಿದ ಹಾಗೆ ಕೇಳುವ ಹಿಮ, ಒಂದು ಗಂಟೆಗೆ ಮೊಣಕಾಲು ತಿರುಚುವ ಕೆಸರು. ಆ ನಡುವಿನ ಹೊತ್ತನ್ನು ಹಿಡಿಯಬೇಕು. ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಬರುತ್ತದೋ ಇಲ್ಲವೋ ಎಂಬುದೆಲ್ಲ ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ.

ಇದನ್ನು ನನಗೆ ತಿಳಿಸಿದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ವಯಸ್ಸಿನಲ್ಲಿ ಬಹಳ ಕಾಲ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನಲ್ಲಿ ದುಡಿದವರು. ಲಿಫ್ಟಿನಲ್ಲಿ ಪಕ್ಕ ಕೂತ ಯಾರನ್ನೇ ಆದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ರಾತ್ರಿ ಆಕಾಶ ಹೇಗಿತ್ತು?” ಎಷ್ಟು ಡಿಗ್ರಿ ಇತ್ತು ಎಂದು ಕೇಳಿದವರಲ್ಲ. ವಾರದ ಕೊನೆಗೆ ಹಾವೇರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಈ ಮಾತು ಹೇಳಿದೆ. ಹಿಮವನ್ನು ಕಣ್ಣಾರೆ ಕಂಡವರಲ್ಲ ಅಪ್ಪ. ಆದರೆ ಒಂದು ಕ್ಷಣವೂ ತಡವರಿಸಲಿಲ್ಲ. “ಮಾಡ ಮುಸುಕಿದ್ರ ಥಂಡಿ ಬೀಳಂಗಿಲ್ಲಪಾ, ಇಬ್ಬನಿನೂ ಬೀಳಂಗಿಲ್ಲ. ಕಡ್ಲಿ ಹೊಲದಾಗ ನಾವು ಅದನ್ನ ನೋಡೂದು,” ಎಂದರು.

ಎರಡೂ ಒಂದೇ ಲೆಕ್ಕ. ಹಗಲು ಹೀರಿದ ಶಾಖವನ್ನು ನೆಲ ರಾತ್ರಿ ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದರಲ್ಲಿ ಬಹುಭಾಗ ಹಿಂದಿರುಗಿ ಬರುತ್ತದೆ. ಮುಗಿಲು ತಿಳಿಯಾಗಿದ್ದರೆ ಹೊರಟೇ ಹೋಗುತ್ತದೆ. ಹಿಂಗಾರಿನ ಕಡಲೆಗೆ ಇಬ್ಬನಿ ಕೊಡುವ ತಿಳಿ ರಾತ್ರಿಯೇ ಇಲ್ಲಿ ಹಿಮವನ್ನು ಗಟ್ಟಿ ಮಾಡುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ, ಆಕಾಶ ತೆರೆದಿದ್ದು ಗಾಳಿ ಒಣಗಿದ್ದರೆ ಹಿಮದ ಮೈ ಹೆಪ್ಪುಗಟ್ಟಬಲ್ಲದು. ಮೋಡ ಕವಿದ ರಾತ್ರಿ ಸೊನ್ನೆಯ ಹತ್ತಿರ ಬಂದರೂ ಕೆಲವೊಮ್ಮೆ ಗಟ್ಟಿಯಾಗದೆ ಉಳಿಯುತ್ತದೆ. ಹೀಗಾಗಿ ಈಗ ಶುಕ್ರವಾರ ರಾತ್ರಿ ನಾನು ಬೇಸಿನ್ ಪಕ್ಕದ ಲವ್‌ಲ್ಯಾಂಡ್ ಪಾಸ್ ಕಡೆಯ ಮುನ್ಸೂಚನೆ ತೆರೆದರೆ ಮೊದಲು ಮೋಡದ ಸಾಲನ್ನು ನೋಡುತ್ತೇನೆ, ಆಮೇಲೆ ಉಷ್ಣಾಂಶ.

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಆಟ ದಿನದಿನವೂ ನಡೆದಾಗ ಹಿಮದ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ. ಕೊನೆಗೆ ಮಿಲಿಮೀಟರುಗಟ್ಟಲೆ ದಪ್ಪದ ಗುಂಡು ಹರಳುಗಳ ಹಾಸು ಉಳಿಯುತ್ತದೆ. ಸ್ಕೀ ಮಾಡುವವರು ಕಾಯುವ ಕಾರ್ನ್ ಸ್ನೋ ಅದೇ. ರಾತ್ರಿ ಹರಳುಗಳ ನಡುವಿನ ನೀರು ಗಟ್ಟಿಯಾಗಿ ಎಲ್ಲವನ್ನೂ ಬೆಸೆಯುತ್ತದೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಸೆಂಟಿಮೀಟರಿನಲ್ಲಿ ಬೆಸುಗೆ ಬಿಡುತ್ತದೆ. ಕೆಳಗೆ ಗಟ್ಟಿ, ಮೇಲೆ ಸಡಿಲ. ಆಗ ಸ್ಕೀ ಎಡ್ಜ್ ಹಿಡಿಯುವ ಸುಖ ಬೇರೆ ಯಾವ ಹಿಮದಲ್ಲೂ ನನಗೆ ಸಿಕ್ಕಿಲ್ಲ.

ಅದಕ್ಕೆ ಕಾಯಬೇಕು. ನೆತ್ತಿಯ ಹತ್ತಿರ ಸ್ಕೀ ಬಿಚ್ಚಿಟ್ಟು, ಬಂಡೆಗೆ ಒರಗಿ, ಸ್ಕೀ ಕೋಲಿನ ತುದಿಯಿಂದ ಹಿಮವನ್ನು ಕುಟ್ಟುತ್ತ ಕೂರುವುದು ಆ ಹೆಂಗಸಿನಿಂದ ಕಲಿತ ಅಭ್ಯಾಸ. ಮೊದಲು ಟಕ್ ಎಂದು ತುದಿ ಪುಟಿಯುತ್ತದೆ, ಬಿಳಿ ಗೀರು ಬಿಟ್ಟರೆ ಹೆಚ್ಚು. ಸ್ವಲ್ಪ ಹೊತ್ತಿನ ಮೇಲೆ ಮೇಲಿನ ಹೊಳಪು ಮಾಸುತ್ತದೆ: ಹೆಪ್ಪುಗಟ್ಟಿದ ಮೈ ಗಾಜಿನ ಹಾಗೆ ಮಿರುಗುತ್ತಿದ್ದುದು ಒದ್ದೆಯಾಗಿ ಬೂದಿಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕುಟ್ಟಿದರೆ ದನಿ ಇಳಿಯುತ್ತದೆ, ನಾಲ್ಕು ಹರಳು ಎದ್ದು ಬರುತ್ತವೆ. ಅವು ಬೆರಳಲ್ಲಿ ಬೇರೆಬೇರೆಯಾಗಿ ಉರುಳಿದರೆ ಹೊರಡಬಹುದು. ಪಕ್ಕದಲ್ಲಿ ಹತ್ತಾರು ಜನ ಗಟ್ಟಿ ಹಿಮದ ಮೇಲೆ ಕಟಕಟ ಹಲ್ಲು ಕಡಿಯುತ್ತ ಇಳಿದುಹೋಗುವಾಗ ಕೂತಿರುವುದು ಕಷ್ಟ. ಆದರೂ ಕೂರಬೇಕು. ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾಗುವ ಶಾಖ 334 ಕಿಲೋಜೌಲ್. ಅಷ್ಟರಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಸೂರ್ಯನಿಗೆ ಆ ಕೆಲಸ ಮಾಡಲು ಹೊತ್ತು ಬೇಕು.

ಕೆಲಸ ಎಲ್ಲ ಕಡೆ ಒಟ್ಟಿಗೆ ಆಗುವುದೂ ಇಲ್ಲ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಹದಕ್ಕೆ ಬರುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಬಿಸಿಲಿನ ಹಿಂದೆಯೇ ಸಾಗಿದರೆ ಒಂದು ಬೆಳಗಿನಲ್ಲಿ ಮೂರು ಕಡೆ ಒಳ್ಳೆಯ ಹಿಮ ಸಿಗುತ್ತದೆ. ಒಂದೇ ಕಡೆ ಸುತ್ತಿದವರಿಗೆ ಒಂದು ಗಂಟೆಯ ಭಾಗ್ಯ ಅಷ್ಟೇ.

ಹಿಮ ಗಟ್ಟಿಯಾಗದ ರಾತ್ರಿಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಸಾಲಾಗಿ ಎರಡು ಮೂರು ರಾತ್ರಿ ಹೆಪ್ಪುಗಟ್ಟದೆ ಹೋದರೆ ಕರಗಿದ ನೀರು ಹಿಮದ ತಳದವರೆಗೆ ಇಳಿದು ಪದರಗಳ ಹಿಡಿತವನ್ನು ಬಿಡಿಸುತ್ತದೆ. ಆಗ ಕುಸಿಯುವ ಒದ್ದೆ ಹಿಮ ಚಳಿಗಾಲದ್ದಕ್ಕಿಂತ ನಿಧಾನ, ಆದರೆ ತೂಕ ವಿಪರೀತ. ಹೊಸ ಹಿಮ ಒಂದು ಘನಮೀಟರಿಗೆ ನೂರು ಕಿಲೋ ಆಸುಪಾಸು ಇದ್ದರೆ ವಸಂತದ ಹಿಮ ನಾನೂರು ಐನೂರು ಕಿಲೋ. 2005ರ ಮೇ 20ರಂದು ಅರಾಪಹೊ ಬೇಸಿನ್‌ನ ಮಿತಿಯೊಳಗೇ, ಲಿಫ್ಟ್ ನಡೆಯುತ್ತಿದ್ದ ದಿನ, ಇಂಥ ಒದ್ದೆ ಹಿಮಕುಸಿತಕ್ಕೆ ಸಿಕ್ಕಿ ಒಬ್ಬರು ಪ್ರಾಣ ಕಳೆದುಕೊಂಡರು. ಹಾಗಾಗಿ ಪ್ಯಾಟ್ರೋಲ್‌ನವರು ಹನ್ನೆರಡಕ್ಕೆ ಕಡಿದಾದ ಇಳಿಜಾರಿಗೆ ಹಗ್ಗ ಕಟ್ಟಿದರೆ ಗೊಣಗಬಾರದು. ಲಿಫ್ಟ್ ಇಲ್ಲದ ಕಡೆ ಹಗ್ಗ ಕಟ್ಟುವವರು ಇರುವುದಿಲ್ಲ. ಅಲ್ಲಿ ಸ್ಕೀ ಬಿಚ್ಚಿ ನಿಂತಾಗ ಬೂಟು ಕಣಕಾಲು ಮೀರಿ ಹೂತರೆ ಆ ಇಳಿಜಾರನ್ನು ನಾನು ಅಲ್ಲಿಗೇ ಬಿಡುತ್ತೇನೆ.

ಇನ್ನು ಕಲ್ಲು. ಹಿಮ ತೆಳುವಾದಾಗ ಎಲ್ಲರ ಕಣ್ಣೂ ಎದ್ದು ಕಾಣುವ ಬಂಡೆಯ ಮೇಲೇ ಇರುತ್ತದೆ. ಕಾಡುವುದು ಅದರ ಸುತ್ತಲಿನ ಜಾಗ. ಕಪ್ಪು ಕಲ್ಲು ಬಿಸಿಲು ಹೀರಿ ತನ್ನ ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸುತ್ತದೆ, ಮೇಲೆ ಮಾತ್ರ ತೆಳು ಚಪ್ಪರ ಉಳಿದಿರುತ್ತದೆ. ಬಂಡೆಯಿಂದ ಕಡೇಪಕ್ಷ ಒಂದು ಸ್ಕೀ ಉದ್ದ ದೂರ ಇರುವುದು ನನ್ನ ನಿಯಮ. ನೀಲಿ ಛಾಯೆಯ ಬೂದುಬಣ್ಣ, ಕೊಂಚ ತಗ್ಗು, ಕಿವಿಗೊಟ್ಟರೆ ಕೆಳಗೆ ನೀರಿನ ಸದ್ದು, ಈ ಮೂರರಲ್ಲಿ ಯಾವುದು ಕಂಡರೂ ಅಲ್ಲಿ ತೊರೆ ಹರಿಯುತ್ತಿದೆ ಎಂದು ತಿಳಿಯಬೇಕು. ದಾಟಲೇಬೇಕಾದರೆ ಬೆಳಿಗ್ಗೆ ಬೇಗ, ನೇರವಾಗಿ, ಒಬ್ಬೊಬ್ಬರಾಗಿ. ಹಿಮದಡಿ ಬಾಗಿ ಮಲಗಿದ್ದ ವಿಲೋ ಪೊದೆಗಳು ಜೂನ್ ಹೊತ್ತಿಗೆ ತಟ್ಟನೆ ತಲೆ ಎತ್ತಿ ಸ್ಕೀ ಮೂತಿಯನ್ನು ಹಿಡಿದು ನಿಲ್ಲಿಸಿಬಿಡುತ್ತವೆ. ಹುಲ್ಲು ಮಾತ್ರ ಪಾಪದ್ದು, ನಾಲ್ಕು ಹೆಜ್ಜೆ ಹುಲ್ಲಿನ ಮೇಲೆ ಜಾರಿಕೊಂಡು ಹೋಗಬಹುದು.

ತೆಳು ಹಿಮದಲ್ಲಿ ದೇಹ ಬೇರೆ ಥರ ಕೆಲಸ ಮಾಡಬೇಕು. ಎಡ್ಜನ್ನು ಬಲವಾಗಿ ಒತ್ತಿದರೆ ಅದು ಹಿಮ ಸೀಳಿ ಕಲ್ಲಿಗೆ ತಾಗುತ್ತದೆ. ಎರಡೂ ಕಾಲಿನ ಮೇಲೆ ಭಾರ ಹಂಚಿ, ಗುಂಡನೆಯ ಟರ್ನ್ ಮಾಡಿ, ಅವಸರವಿಲ್ಲದೆ ತಿರುಗುವುದೇ ಸರಿ. ನೆರಳಿನಿಂದ ಬಿಸಿಲಿಗೆ ದಾಟುವ ಗೆರೆಯಲ್ಲಿ ಎಚ್ಚರ ಬೇಕು. ನೀರು ತುಂಬಿದ ಹಿಮ ಸ್ಕೀ ತಳವನ್ನು ಹೀರಿ ಹಿಡಿಯುತ್ತದೆ. ಸ್ಕೀ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ಆ ಗೆರೆಗೆ ಬರುವ ಮೊದಲು ಒಂದು ಪಾದವನ್ನು ತುಸು ಮುಂದೆ ಚಾಚಿ ಭಾರ ಹಿಂದಿಟ್ಟರೆ ತಡೆದುಕೊಳ್ಳಬಹುದು. ಬೆಚ್ಚಗಿನ ಹಿಮಕ್ಕೆಂದೇ ಬರುವ ಹಳದಿ ವ್ಯಾಕ್ಸ್ ಹಚ್ಚಿದರೆ ಇದು ಎಷ್ಟೋ ಕಡಿಮೆಯಾಗುತ್ತದೆ.

ವ್ಯಾಕ್ಸ್ ಹಚ್ಚಲು ಕೂತಾಗಲೇ ನನ್ನ ಗಮನಕ್ಕೆ ಬಂದದ್ದು ದೂಳು. ದಿನದ ಕೊನೆಗೆ ಸ್ಕೀ ತಳ ಒರೆಸಿದರೆ ಬಟ್ಟೆ ಕೆಂಗಂದು ಬಣ್ಣಕ್ಕೆ ತಿರುಗುತ್ತಿತ್ತು. ಯೂಟಾ, ಅರಿಜೋನಾ ಕಡೆಯ ಮರುಭೂಮಿಯಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳ ಗಾಳಿಗೆ ಎದ್ದ ಮಣ್ಣು ಅದು. ಹಿಮದ ನಡುವೆ ಪದರ ಪದರವಾಗಿ ಹೂತಿರುತ್ತದೆ. ಹಿಮ ಕರಗಿ ಹರಿದುಹೋದರೂ ದೂಳು ಮೇಲೇ ಉಳಿದು ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ದೂಳು ಮೆತ್ತಿದ ಹಿಮದಲ್ಲಿ ಅದು ಅರ್ಧಕ್ಕೆ ಇಳಿಯಬಹುದು. ಉಳಿದದ್ದೆಲ್ಲ ಕರಗಿಸುವ ಕೆಲಸಕ್ಕೆ. ದೂಳು ಜೋರಾಗಿ ಬಿದ್ದ ವರ್ಷ ಹಿಮ ವಾರಗಟ್ಟಲೆ ಮುಂಚೆ ಖಾಲಿಯಾಗುತ್ತದೆ. 19ನೇ ಶತಮಾನದಲ್ಲಿ ಪಶ್ಚಿಮದ ಬಯಲಿಗೆ ಜನವಸತಿ, ದನಕುರಿಗಳ ಹಿಂಡು ಬಂದು ನೆಲದ ಮೇಲ್ಪದರ ಒಡೆದ ಮೇಲೆ ದೂಳು ಹಲವು ಪಟ್ಟು ಹೆಚ್ಚಿತು ಎಂಬುದಕ್ಕೆ ಕೊಲರಾಡೊದ ಎತ್ತರದ ಕೆರೆಗಳ ತಳದ ಕೆಸರೇ ಸಾಕ್ಷಿ. ನೂರಾರು ಕಿಲೋಮೀಟರ್ ಆಚೆಯ ನೆಲವನ್ನು ಹೇಗೆ ನೋಡಿಕೊಂಡರು ಎಂಬುದು ನನ್ನ ಕಾಲಡಿಯ ಹಿಮದ ಆಯಸ್ಸನ್ನು ನಿರ್ಧರಿಸುತ್ತದೆ ಎಂದು ತಿಳಿದ ಮೇಲೆ ಕಂದು ಪಟ್ಟೆಗಳನ್ನು ಬರೀ ಸ್ಕೀಗೆ ಅಡ್ಡಿ ಎಂದು ನೋಡಲು ನನ್ನಿಂದ ಆಗಿಲ್ಲ.

ಈ ಹಿಮ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಬೇಸಿನ್‌ನ ನೀರು ಸ್ನೇಕ್ ನದಿಯಾಗಿ ಡಿಲ್ಲನ್ ಜಲಾಶಯ ಸೇರುತ್ತದೆ. ಅಲ್ಲಿಂದ ಒಂದು ಪಾಲು, 1962ರಲ್ಲಿ ಮುಗಿದ, ಸುಮಾರು 37 ಕಿಲೋಮೀಟರ್ ಉದ್ದದ ರಾಬರ್ಟ್ಸ್ ಸುರಂಗದ ಮೂಲಕ ಬೆಟ್ಟಸಾಲಿನ ಅಡಿಯಿಂದ ಪೂರ್ವಕ್ಕೆ, ಡೆನ್ವರ್‌ಗೆ ಬರುತ್ತದೆ. ನಮ್ಮ ಅಡಿಗೆಮನೆಯ ನಲ್ಲಿಯಲ್ಲಿ ಬರುವುದು ಅದರ ಪಾಲೇ. ಹಿಮ ನಿಧಾನಕ್ಕೆ ಕರಗಿದರೆ ಬೇಸಿಗೆ ದಾಟುವ ನೀರು, ಅವಸರದಲ್ಲಿ ಕರಗಿದರೆ ಮೇ ತಿಂಗಳ ಪ್ರವಾಹ, ಆಗಸ್ಟಿನ ಬರ. ಇಲ್ಲಿ ಹಿಮ ಕರಗುವ ಈ ವಾರಗಳಲ್ಲಿ ಅವ್ವ ಫೋನಿನಲ್ಲಿ “ರೋಹಿಣಿ ಮಳಿ ಚಲೋ ಆತು, ಬಿತ್ತಾಕ ಹೊಂಟಾರ. ಅಲ್ಲೆ ಇನ್ನೂ ಹಿಮಾನ?” ಎಂದು ಕೇಳುತ್ತಾಳೆ. ಹೌದು ಅಂದಾಗ ನನಗೆ ನಿಜಕ್ಕೂ ಸಮಾಧಾನ.

ಜೂನ್‌ನಲ್ಲಿ ಕಲ್ಲು ತಾಗದೆ ದಿನ ಮುಗಿಯುವುದಿಲ್ಲ. ಹಳೆಯ ಸ್ಕೀ ಜೋಡಿಯೊಂದನ್ನು ಇದಕ್ಕೇ ಇಟ್ಟುಕೊಳ್ಳಿ. ತಳದಲ್ಲಿ ಗಾಯವಾದರೆ ಅಂದೇ ಒಣಗಿಸಿ, ಪೀ-ಟೆಕ್ಸ್ ಎಂಬ ಪ್ಲಾಸ್ಟಿಕ್ ಕಡ್ಡಿಗೆ ಬೆಂಕಿ ಹಚ್ಚಿ ಹನಿ ಹನಿಯಾಗಿ ತುಂಬಬೇಕು. ಕಡ್ಡಿಯನ್ನು ತಳಕ್ಕೆ ತೀರ ಹತ್ತಿರ ಹಿಡಿದರೆ ಉರಿ ನೀಲಿಯಾಗಿರುತ್ತದೆ, ಮಸಿ ಬೀಳುವುದಿಲ್ಲ. ಎತ್ತಿ ಹಿಡಿದರೆ ಹಳದಿ ಉರಿಯ ಜೊತೆ ಕರಿ ಹನಿ ಬಿದ್ದು ತುಂಬಿದ್ದು ಕಿತ್ತುಬರುತ್ತದೆ. ಆರಿದ ಮೇಲೆ ಉಕ್ಕಿನ ಪಟ್ಟಿಯಿಂದ ಮಟ್ಟ ಮಾಡಿ. ಎಡ್ಜಿನ ತುಕ್ಕು ಒರೆಸಿ, ದಪ್ಪಗೆ ವ್ಯಾಕ್ಸ್ ಬಳಿದು, ಕೆರೆಯದೆ ಹಾಗೇ ಚಳಿಗಾಲದವರೆಗೆ ಬಿಟ್ಟರೆ ತಳ ಒಣಗುವುದಿಲ್ಲ.

ಲಿಫ್ಟ್ ನಿಂತ ಮೇಲೂ ಆಸೆ ತೀರದವರು ಐಡಹೊ ಸ್ಪ್ರಿಂಗ್ಸ್ ಹತ್ತಿರದ ಸೇಂಟ್ ಮೇರೀಸ್ ಗ್ಲೇಸಿಯರ್‌ಗೆ ಹೋಗುತ್ತಾರೆ. ಹೆಸರು ಗ್ಲೇಸಿಯರ್ ಆದರೂ ಅದು ಬೇಸಿಗೆಯಲ್ಲೂ ಉಳಿಯುವ ಹಿಮದ ಹಾಸು. ಸ್ಕೀ ಹೊತ್ತು ಒಂದು ಕಿಲೋಮೀಟರಿಗೂ ತುಸು ಹೆಚ್ಚು ನಡೆಯಬೇಕು. ಜುಲೈನಲ್ಲಿ ಹೋಗುವವರಿಗೆ ನನ್ನದು ಎರಡು ಮಾತು. ಹತ್ತುವಾಗಲೇ ಇಳಿಯುವ ದಾರಿ ಗುರುತಿಸಿಕೊಳ್ಳಿ, ಯಾಕೆಂದರೆ ಹಾಸಿನ ಕೆಳಗೆ ಬಂಡೆಗಳೂ ಕೆರೆಯೂ ಇವೆ, ಗಟ್ಟಿ ಹಿಮದಲ್ಲಿ ಜಾರಿದರೆ ನಿಲ್ಲಲು ಜಾಗವಿಲ್ಲ. ಮತ್ತೆ ಹೆಲ್ಮೆಟ್ಟನ್ನು ಸೆಕೆ ಎಂದು ಕಾರಿನಲ್ಲಿ ಬಿಟ್ಟು ಹೋಗಬೇಡಿ.