ತೊಟ್ಟಿಲ ಮಗುವೂ ಮನೆಯ ಬೆಕ್ಕೂ

ಪ್ರಶ್ನೆ: ಬಾಣಂತನಕ್ಕೆ ತವರಿನಲ್ಲಿದ್ದೇನೆ. ಮಗುವಿಗೆ ಎರಡು ತಿಂಗಳು, ಮುಂದಿನ ತಿಂಗಳು ಗಂಡನ ಮನೆಗೆ ಹೊರಡಬೇಕು. ಅಲ್ಲಿ ನಾವು ಸಾಕಿದ ಬೆಕ್ಕು ನಮ್ಮ ಹಾಸಿಗೆಯಲ್ಲೇ ಮಲಗುತ್ತಿತ್ತು. ಅದರ ಕೂದಲು ಮಗುವಿನ ಹೊಟ್ಟೆಗೆ ಹೋದರೆ ಕಷ್ಟ, ಎಲ್ಲಾದರೂ ದೂರ ಬಿಟ್ಟುಬಿಡಿ ಎನ್ನುತ್ತಾರೆ ಅಮ್ಮ. ಏನು ಮಾಡಲಿ ಡಾಕ್ಟರೇ?
– ಓದುಗರು, ಬಂಟ್ವಾಳ

ಉತ್ತರ: ಬಿಡುವುದು ಬೇಡಮ್ಮ. ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಒಂದೆರಡು ಕೂದಲು ಹೊಟ್ಟೆಗೆ ಹೋದರೂ ಮಲದಲ್ಲಿ ಹೊರಬರುತ್ತದೆ.

ನನಗಿರುವ ಭಯ ಬೇರೆ. ಬೆಕ್ಕು ಬೆಚ್ಚಗಿನ ಜಾಗ ಹುಡುಕುತ್ತದೆ. ಮಳೆಗಾಲದಲ್ಲಿ, ಮೀಯಿಸಿ ಬಟ್ಟೆ ಸುತ್ತಿ ಮಲಗಿಸಿದ ಮಗುವಿನ ಪಕ್ಕಕ್ಕಿಂತ ಬೆಚ್ಚಗಿನ ಜಾಗ ಅದಕ್ಕೆ ಎಲ್ಲಿದೆ? ಮೂರು ತಿಂಗಳ ಕೂಸು ಮುಖಕ್ಕೆ ಅಡ್ಡ ಬಂದದ್ದನ್ನು ಸರಿಸಲಾರದು. ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆಯನ್ನು ನಂಬಬೇಡಿ. ಬೆಕ್ಕು ಹಾರಿದರೆ ಅದು ಮಗುವಿನ ಮೇಲೆಯೇ ಕುಸಿಯಬಹುದು. ಮಗು ಮಲಗುವ ಕೋಣೆಗೆ ಬೆಕ್ಕು ಬರಲೇಬಾರದು. ಹಳೆಯ ಹಂಚಿನ ಮನೆಗಳಲ್ಲಿ ಕೋಣೆಯ ಗೋಡೆ ಮಾಡಿನವರೆಗೆ ಹೋಗಿರುವುದಿಲ್ಲ. ಅಂಥಲ್ಲಿ ಬಾಗಿಲು ಹಾಕಿದರೆ ಸಾಲದು, ಹತ್ತಿರ ಒಬ್ಬರು ಇರಲೇಬೇಕು.

ಬೆಕ್ಕಿನ ಅಭ್ಯಾಸ ಈಗಲೇ ಬದಲಾಗಲಿ, ನೀವು ಹೋಗುವ ಮೊದಲೇ. ಇವತ್ತಿನಿಂದ ಅದು ಚಾವಡಿಯಲ್ಲಿ ಗೋಣಿಯ ಮೇಲೆ ಮಲಗಲಿ. ಮಗು ಬಂದ ದಿನವೇ ಕೋಣೆಯಿಂದ ಹೊರಹಾಕಿದರೆ ಅದು ಕಂಗಾಲಾಗುತ್ತದೆ. ನಿಮ್ಮವರು ಮಗುವನ್ನು ನೋಡಲು ಬಂದಾಗ, ಮಗು ಹೊದ್ದ ಒಂದು ಬಟ್ಟೆ ಕೊಟ್ಟು ಕಳುಹಿಸಿ. ಬೆಕ್ಕಿಗೆ ಮೊದಲ ಪರಿಚಯ ವಾಸನೆಯದ್ದೇ. ತಾನಾಗಿ ಬಂದು ಮೂಸಲಿ, ಒತ್ತಾಯ ಬೇಡ. ಮಗುವಿನ ಅಳುವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿ. ಬೇಯಿಸಿದ ಬೂತಾಯಿ ಹಾಕುವಾಗ ಅದನ್ನು ಸಣ್ಣ ದನಿಯಲ್ಲಿ ಕೇಳಿಸಲಿ. ನೀವು ಹೋದ ಮೇಲೂ ಅದರ ಊಟದ ಹೊತ್ತು ತಪ್ಪಬಾರದು. ಮನೆಯೊಳಗೆ ಉಚ್ಚೆ ಹೊಯ್ದರೆ ಹೊಡೆಯಬೇಡಿ. ಅದು ಹೆಚ್ಚಾಗಿ ಗಾಬರಿಯ ಲಕ್ಷಣ, ಹೊಡೆದಷ್ಟೂ ಜಾಸ್ತಿಯಾಗುತ್ತದೆ. ರೇಬಿಸ್ ಲಸಿಕೆಯನ್ನೂ ಜಂತುಹುಳದ ಮದ್ದನ್ನೂ ಪಶುವೈದ್ಯರಲ್ಲಿ ಈ ತಿಂಗಳೇ ಕೊಡಿಸಿ.

ಪ್ರಶ್ನೆ: ಒಂಬತ್ತು ತಿಂಗಳ ಮೊಮ್ಮಗ ಬಾಲ ಎಳೆದಾಗ ಬೆಕ್ಕು ಪರಚಿ ರಕ್ತ ಬಂತು. ಅರಿಸಿನ ಹಚ್ಚಿದ್ದೇವೆ. ಸಾಕೇ?
– ಓದುಗರು, ಬೆಳ್ತಂಗಡಿ

ಉತ್ತರ: ಖಂಡಿತ ಸಾಲದು. ಇನ್ನೂ ಆಸ್ಪತ್ರೆಗೆ ಹೋಗಿಲ್ಲವಾದರೆ ಇದನ್ನು ಓದಿದ ಕೂಡಲೇ ಹೊರಡಿ, ತಡವಾಯಿತೆಂದು ಬಿಡಬೇಡಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಪರಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಲಸಿಕೆಯ ಒಂದು ಕಂತೂ ತಪ್ಪಬಾರದು.

ಪ್ರಶ್ನೆ: ನಾನೀಗ ನಾಲ್ಕು ತಿಂಗಳ ಬಸುರಿ. ಬೆಕ್ಕನ್ನು ಮುಟ್ಟಬಹುದೇ?
– ಓದುಗರು, ಮೂಡುಬಿದಿರೆ

ಉತ್ತರ: ಮುಟ್ಟಿ, ಕೈ ತೊಳೆಯಿರಿ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿರಬಹುದು. ಹೊರಬಿದ್ದ ಮಲದಲ್ಲಿ ಅದು ಸೋಂಕು ತರುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಮಲವನ್ನು ಮನೆಯ ಬೇರೆಯವರು ದಿನವೂ ತೆಗೆಯಲಿ. ಹಿತ್ತಿಲ ಮಣ್ಣು ಮುಟ್ಟುವಾಗ ಕೈಗೆ ಗ್ಲೌಸ್ ಹಾಕಿ. ಅರೆಬೆಂದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆ.