ಮಾರ್ಗದ ತಪ್ಪೆಣಿಕೆ

ಕಂಪ್ಯೂಟರುಗಳನ್ನು ಬೆಸೆಯುವ ಈಥರ್‌ನೆಟ್ ಮಾರ್ಗದಲ್ಲಿ ಸುದ್ದಿಯು ತುಣುಕುಗಳಾಗಿ ಹರಿಯುವುದಷ್ಟೆ. ಪ್ರತಿಯೊಂದು ತುಣುಕಿನ ಕೊನೆಯಲ್ಲಿಯೂ 32 ಬಿಟ್‌ಗಳ ತಾಳೆಸಂಖ್ಯೆಯಿರುತ್ತದೆ. ಪಡೆಯುವ ಯಂತ್ರವು ಅದನ್ನು ತಾನೇ ಲೆಕ್ಕಹಾಕಿ, ತಾಳೆಯಾಗದಿದ್ದರೆ ತುಣುಕನ್ನು ಎಸೆದು, ತನ್ನ ತಪ್ಪೆಣಿಕೆಯನ್ನು ಒಂದರಷ್ಟು ಏರಿಸುತ್ತದೆ. ಕಳೆದುಹೋದುದು ಸಾಮಾನ್ಯವಾಗಿ ಮತ್ತೊಮ್ಮೆ ಕಳುಹಿಸಲ್ಪಡುವುದರಿಂದ, ಬಳಸುವವರಿಗೆ ಕೊಂಚ ನಿಧಾನವಲ್ಲದೆ ಬೇರೇನೂ ತೋರದು. ಕೆಡುತ್ತಿರುವ ಭಾಗವು ಹೀಗೆಯೇ ಅಡಗಿರುತ್ತದೆ.

ಎಷ್ಟು ತಪ್ಪು ಸಹಜ? ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನೊಯ್ಯುವ ಗಾಜಿನ ಎಳೆಯ ಮಾರ್ಗಕ್ಕೆ ನಿಯಮವು ಕ್ಷಮಿಸುವುದು ಲಕ್ಷ ಕೋಟಿ ಬಿಟ್‌ಗಳಿಗೆ ಒಂದನ್ನು. ಎಂದರೆ ಬಿಡುವಿಲ್ಲದೆ ಹರಿದರೂ ಸುಮಾರು 17 ನಿಮಿಷಕ್ಕೊಂದು! ಆದುದರಿಂದ ನಾವು ಗಮನಿಸಬೇಕಾದುದು ಒಟ್ಟು ಮೊತ್ತವನ್ನಲ್ಲ, ಅದು ಏರುವ ವೇಗವನ್ನು.

ಎಣಿಕೆ ಏರಿದ ಯಂತ್ರವನ್ನೇ ಅಪರಾಧಿಯೆನ್ನಲಾಗದು. ಅದು ಸಾಕ್ಷಿ ಮಾತ್ರ. ದೋಷವು ಎದುರು ತುದಿಯ ಬೆಳಕಿನ ಆಕರದಲ್ಲಿರಬಹುದು, ಎಳೆಯ ಬಾಗಿನಲ್ಲಿರಬಹುದು, ಅನೇಕ ವೇಳೆ ಕೊಂಡಿಗಂಟಿದ ಧೂಳಿನಲ್ಲಿಯೇ ಇರುತ್ತದೆ. ಮೊದಲು ಕೊಂಡಿಯನ್ನು ಒರೆಸೋಣ. ಬಳಿಕ ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ (ಆತುರದವರು ಎಲ್ಲವನ್ನೂ ಒಟ್ಟಿಗೆ ಬದಲಿಸಿ ಸುಳಿವನ್ನೇ ಅಳಿಸುತ್ತಾರೆ) ಎಣಿಕೆ ನಿಂತಿತೇ ಎಂದು ಕಾದು ನೋಡೋಣ.