ಮನೆಯ ಕೆಮ್ಮು, ಕೊಟ್ಟಿಗೆಯ ಕೆಮ್ಮು: ಕ್ಷಯರೋಗದ ತಪಾಸಣೆ ಎರಡೂ ಕಡೆ ಆಗಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿದ್ದಾಪುರ, ಕಾರಟಗಿ, ಗಂಗಾವತಿ ಭಾಗದಲ್ಲಿ ಭತ್ತದ ಹುಲ್ಲಿಗೆ ಬರವಿಲ್ಲ. ಹುಲ್ಲಿದ್ದ ಮನೆಯಲ್ಲಿ ಒಂದೆರಡು ಎಮ್ಮೆಯನ್ನೋ ಮಿಶ್ರತಳಿ ಆಕಳನ್ನೋ ಕಟ್ಟುವುದು ರೂಢಿ. ಅತ್ತ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಊರುಗಳಲ್ಲಿ ಎತ್ತು, ಕುರಿ, ಆಡು. ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ಗೋದಲಿ, ಅದಕ್ಕೆ ತಾಗಿ ಪಡಸಾಲೆ. ರಾತ್ರಿ ಮನುಷ್ಯರೂ ದನಗಳೂ ಉಸಿರಾಡುವುದು ಒಂದೇ ಗಾಳಿಯನ್ನು. ಹೀಗಿದ್ದೂ ಕ್ಷಯದ ಮಾತು ಬಂದಾಗ ನಾವು ಮನೆಯನ್ನೂ ಕೊಟ್ಟಿಗೆಯನ್ನೂ ಬೇರೆ ಮಾಡಿಬಿಡುತ್ತೇವೆ. ಆರೋಗ್ಯ ಕಾರ್ಯಕರ್ತೆ ಮನೆಮಂದಿಯ ಕೆಮ್ಮು ವಿಚಾರಿಸುತ್ತಾರೆ, ಪಶುವೈದ್ಯರು ಆಕಳ ಜ್ವರ ನೋಡುತ್ತಾರೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಲ್ಲವನು ರೈತ ಒಬ್ಬನೇ. ಮನೆಯಲ್ಲಿ ಟಿ.ಬಿ. ಕಂಡರೆ ದನಗಳನ್ನೂ, ದನದಲ್ಲಿ ಕಂಡರೆ ಮನೆಯವರನ್ನೂ ತಪಾಸಣೆ ಮಾಡಿಸಬೇಕು ಎಂಬುದೇ ಈ ಲೇಖನದ ವಾದ.

ಮನುಷ್ಯರಲ್ಲಿ ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದರು. ದನಗಳಲ್ಲಿ ಹೆಚ್ಚಾಗಿ ಕಾಣುವ ಬೋವಿಸ್ ಅದರ ಹತ್ತಿರದ ಸಂಬಂಧಿ. ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ಅದೇ ಕಾಖ್ 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಸಾರಿದರು. ಬ್ರಿಟನ್ನಿನ ರಾಯಲ್ ಆಯೋಗ ಹತ್ತು ವರ್ಷ ಪರೀಕ್ಷೆ ನಡೆಸಿ, 1911ರಲ್ಲಿ ಆ ಮಾತನ್ನು ತಳ್ಳಿಹಾಕಿತು. ರೋಗ ಹಾಲಿನ ಮೂಲಕ, ಅದರಲ್ಲೂ ಮಕ್ಕಳಿಗೆ, ದಾಟುತ್ತದೆ ಎಂದಿತು. ಇನ್ನೊಂದು ಸ್ವಾರಸ್ಯವೆಂದರೆ ನಮ್ಮ ಕೂಸುಗಳಿಗೆ ಹುಟ್ಟಿದ ಕೂಡಲೇ ಹಾಕಿಸುವ ಬಿ.ಸಿ.ಜಿ. ಲಸಿಕೆ ತಯಾರಾದದ್ದು ದನದ ಈ ರೋಗಾಣುವನ್ನೇ ದುರ್ಬಲಗೊಳಿಸಿ.

ಭಾರತದಲ್ಲಿ ದನದ ಕ್ಷಯ ಎಷ್ಟಿದೆ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಶೇ. 7.3ರಷ್ಟು ದನಗಳಿಗೆ ಸೋಂಕು ತಗುಲಿದೆ. ಅಂದರೆ ಸುಮಾರು 2.18 ಕೋಟಿ ರಾಸುಗಳು. ಇಷ್ಟಿದ್ದರೆ ಜನರಲ್ಲೂ ದನದ ಟಿ.ಬಿ. ತುಂಬಿರಬೇಕಲ್ಲ ಎಂದು ಕೇಳುವುದು ಸಹಜ. ವಸ್ತುಸ್ಥಿತಿ ಹಾಗಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ 940 ಮಾದರಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದನದಿಂದ ರೋಗ ತರುವ ಬೋವಿಸ್ ಒಂದರಲ್ಲೂ ಸಿಗಲಿಲ್ಲ. ದನಗಳಲ್ಲೇ ಕಾಣುವ ಓರಿಗಿಸ್ ಎಂಬ ಇನ್ನೊಂದು ರೋಗಾಣು 7ರಲ್ಲಿ ಸಿಕ್ಕಿತು. ನಮ್ಮ ಊರುಗಳಲ್ಲಿ ಕ್ಷಯ ಹರಡುವುದು ಬಹುಮಟ್ಟಿಗೆ ಮನುಷ್ಯನ ಕೆಮ್ಮಿನಿಂದಲೇ. ಆಕಳನ್ನು ದೂರಿ ಮನೆಯ ಕೆಮ್ಮನ್ನು ಮರೆತರೆ ಅನಾಹುತ.

ಹಾಗಾದರೆ ಕೊಟ್ಟಿಗೆಯ ಚಿಂತೆ ಯಾಕೆ? ಆಸ್ಪತ್ರೆಯ ದಿನನಿತ್ಯದ ಕಫ ಪರೀಕ್ಷೆ ರೋಗಾಣು ಮನುಷ್ಯನದೋ ದನದ್ದೋ ಎಂದು ಬೇರ್ಪಡಿಸುವುದಿಲ್ಲ. ಹಾಲಿನಿಂದ ಬಂದ ಸೋಂಕು ಕುತ್ತಿಗೆಯ ಗಂಟು, ಕರುಳುಗಳಲ್ಲಿ ಕೂರುವುದು ಹೆಚ್ಚು. ಅಲ್ಲಿ ಕಫವೇ ಇರುವುದಿಲ್ಲ. ಆರು ತಿಂಗಳ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ಕೊಡುವ ಪೈರಾಜಿನಮೈಡ್ ಮಾತ್ರೆಗೆ ಬೋವಿಸ್ ಹುಟ್ಟಿನಿಂದಲೇ ಬಗ್ಗುವುದಿಲ್ಲ. ಅದಕ್ಕೇ ಮನೆಯಲ್ಲಿ ದನ ಕೆಮ್ಮುತ್ತಿದೆ ಎಂಬ ಮಾತು ವೈದ್ಯರಿಗೆ ಬೇಕಾದ ಸುಳಿವು. ರೋಗ ಉಲ್ಟಾ ದಾರಿಯಲ್ಲೂ ನಡೆಯುತ್ತದೆ: ಕ್ಷಯವಿರುವ ವ್ಯಕ್ತಿ ದಿನಾ ಎಮ್ಮೆಯ ಮಗ್ಗುಲಲ್ಲಿ ಕೂತು ಹಿಂಡಿದರೆ, ಗೋದಲಿಯಲ್ಲಿ ಉಗುಳಿದರೆ ಸೋಂಕು ದನಕ್ಕೂ ತಗಲಬಹುದು. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಾದರೂ ಹಾಲು ಹಿಂಡುವ ಕೆಲಸ ಬೇರೆಯವರು ವಹಿಸಿಕೊಳ್ಳುವುದು ಒಳ್ಳೆಯದು.

‘ನಾವು ಹಾಲು ಕಾಯಿಸಿಯೇ ಕುಡಿಯುತ್ತೇವೆ, ಭಯವೇನು’ ಎಂಬ ಮಾತಿನಲ್ಲಿ ಬಹುಪಾಲು ಸತ್ಯವಿದೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದರೇ ಈ ರೋಗಾಣು ಸಾಯುತ್ತದೆ. ಒಲೆಯ ಮೇಲೆ ಉಕ್ಕಿ ಬಂದ ಹಾಲಿನಲ್ಲಿ ಉಳಿಯುವ ಮಾತೇ ಇಲ್ಲ. ರಾಬಕೊವಿ ಹಾಲು ಒಕ್ಕೂಟದ ಪಾಕೀಟು ಹಾಲು ಪಾಶ್ಚರೀಕರಣವಾಗಿಯೇ ಬರುತ್ತದೆ. ನಮ್ಮ ಭಾಗದಲ್ಲಿ ಜನರಲ್ಲಿ ದನದ ಕ್ಷಯ ಕಡಿಮೆ ಕಾಣುವುದಕ್ಕೆ ಈ ಕಾಯಿಸುವ ರೂಢಿಯೂ ಒಂದು ಕಾರಣವಿರಬೇಕು. ಆದರೆ ಹಿಂಡುವಾಗಲೇ ಮಕ್ಕಳ ಬಾಯಿಗೆ ನೊರೆಹಾಲು ಬಿಡುವುದು, ‘ಶಕ್ತಿ ಬರುತ್ತದೆ’ ಎಂದು ಹಸಿಹಾಲು ಕುಡಿಸುವುದು ಪೂರ್ತಿ ನಿಂತಿಲ್ಲ. ಕೊಟ್ಟಿಗೆಯ ಗಾಳಿಯನ್ನಂತೂ ಯಾರೂ ಕಾಯಿಸಲಾರರು.

ದನದಲ್ಲಿ ಈ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಮೇವು ತಿಂದರೂ ಮೈ ಇಳಿಯುತ್ತದೆ, ಹಾಲು ಕಡಿಮೆಯಾಗುತ್ತದೆ, ಜ್ವರ ಬಂದು ಹೋಗುತ್ತದೆ. ಬೆಳಗಿನ ತಂಪಿನಲ್ಲೋ ನಡೆಸಿದಾಗಲೋ ಒಣಕೆಮ್ಮು ಬರುತ್ತದೆ. ಗಂಟಲ ಬಳಿಯ ಗಂಟು ಊದಬಹುದು, ಕೆಚ್ಚಲು ನೋವಿಲ್ಲದೆ ಗಟ್ಟಿಯಾಗಬಹುದು. ಖಾತ್ರಿಗೆ ಟ್ಯುಬರ್ಕ್ಯುಲಿನ್ ಪರೀಕ್ಷೆಯಿದೆ. ಕುತ್ತಿಗೆಯ ಒಂದಿಷ್ಟು ಕೂದಲು ತೆಗೆದು, ಚರ್ಮದ ಮಡಿಕೆಯ ದಪ್ಪ ಅಳೆದು, ಔಷಧವನ್ನು ಚರ್ಮದೊಳಗೆ ಚುಚ್ಚುತ್ತಾರೆ. 72 ಗಂಟೆ ಕಳೆದು ಅದೇ ಜಾಗ ಮತ್ತೆ ಅಳೆದಾಗ 4 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಾಗಿದ್ದರೆ ಸೋಂಕಿದೆ ಎಂದು ಲೆಕ್ಕ. ಈಯ್ದ ಹೊಸತರಲ್ಲಿ ಈ ಪರೀಕ್ಷೆ ಕೈಕೊಡಬಹುದು. ಆದ್ದರಿಂದ ರಾಸು ಯಾವಾಗ ಈಯ್ದಿತೆಂದು ಪಶುವೈದ್ಯರಿಗೆ ಮೊದಲೇ ಹೇಳಬೇಕು.

‘ರೋಗವಿದೆ ಅಂತ ಗೊತ್ತಾದರೆ ಆ ದನವನ್ನು ಏನು ಮಾಡೋಣ?’ ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅಮೆರಿಕ 1917ರಿಂದ ಸೋಂಕಿನ ದನಗಳನ್ನು ಕೊಂದು, ಮಾಲೀಕರಿಗೆ ಪರಿಹಾರ ಕೊಟ್ಟು ರೋಗವನ್ನು ಹತ್ತಿಕ್ಕಿತು. ನಮ್ಮಲ್ಲಿ ಆ ದಾರಿಯನ್ನು ಜನರ ಮನಸ್ಸು ಒಪ್ಪುವುದಿಲ್ಲ. ಮನುಷ್ಯರ ಮಾತ್ರೆಯನ್ನು ದನಕ್ಕೆ ನುಂಗಿಸುವುದಂತೂ ಕೂಡದು: ವಾಸಿಯಾಗುವ ಖಾತ್ರಿಯಿಲ್ಲ, ಔಷಧಕ್ಕೆ ಬಗ್ಗದ ರೋಗಾಣು ಬೆಳೆಯುವ ಅಪಾಯವಿದೆ. ಉಳಿಯುವ ಸುಲಭದ ದಾರಿ ಸಂತೆ. ಅಲ್ಲಿ ಮಾರಿದರೆ ರೋಗ ಮತ್ತೊಬ್ಬ ರೈತನ ಕೊಟ್ಟಿಗೆ ಸೇರುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ದನದ ಕ್ಷಯವೂ ಇದೆ. ಮಾಹಿತಿ ಕೊಡುವುದು, ರಾಸನ್ನು ಬೇರೆ ಕಟ್ಟುವುದು ಮಾಲೀಕನ ಹೊಣೆ. ಆದರೆ ಹೊಣೆಯನ್ನಷ್ಟೇ ಹೊರಿಸಿ ನಷ್ಟವನ್ನು ರೈತನ ತಲೆಗೇ ಕಟ್ಟಿದರೆ ಯಾರೂ ಬಾಯಿಬಿಡುವುದಿಲ್ಲ. ಪರಿಹಾರವಿಲ್ಲದೆ ತಪಾಸಣೆ ನಡೆಯದು ಎಂಬುದನ್ನು ಸರ್ಕಾರ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ರೈತ ಮಾಡಬಹುದಾದದ್ದು ಇಷ್ಟು: ಆ ರಾಸಿಗೆ ಬೇರೆ ಜಾಗ, ಬೇರೆ ನೀರಿನ ಬಾನಿ, ಕರುವಿಗೆ ಅದರ ಮೊಲೆ ಬಿಡಿಸಿ ಕಾಯಿಸಿ ಆರಿಸಿದ ಹಾಲು, ಕೊಟ್ಟಿಗೆಗೆ ಗಾಳಿ, ಬಿಸಿಲು, ಹೊಸ ರಾಸು ಕೊಳ್ಳುವಾಗ ಪರೀಕ್ಷೆ.

ಇದು ಬಡತನದ ರೋಗ, ದನದ ವಿಚಾರ ಆಮೇಲಿನದು ಎನ್ನುವವರೂ ಇದ್ದಾರೆ. ಬಡತನದ ಮಾತು ಸುಳ್ಳಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ರೋಗಿಗಳ ಮನೆಮಂದಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟು ನೋಡಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು. ಅಕ್ಕಿಯ ನಾಡಾದ ಗಂಗಾವತಿ ಸೀಮೆಯಲ್ಲಿ ಕೊರತೆ ಬೀಳುವುದು ಬೇಳೆ, ಹಾಲು, ಮೊಟ್ಟೆ. ಅದಕ್ಕೇ ಹಾಲು ಕೊಡುವ ದನದ ಆರೋಗ್ಯವನ್ನು ‘ಆಮೇಲೆ’ ಎನ್ನಲಾಗದು: ಆಕಳು ಬತ್ತಿದರೆ ರೋಗಿಗೆ ಬೇಕಾದ ಪೌಷ್ಟಿಕ ಆಹಾರವೂ, ಮನೆಯ ನಿತ್ಯದ ಸಂಪಾದನೆಯೂ ಒಟ್ಟಿಗೇ ಹೋಗುತ್ತವೆ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾವ ದನ ಕೆಮ್ಮುತ್ತಿದೆ ಎಂಬುದನ್ನೂ ಅಲ್ಲೇ ಹೇಳಿ. ಪರೀಕ್ಷೆ, ಔಷಧ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆ ಮುಗಿಯುವವರೆಗೆ ಆಹಾರಕ್ಕಾಗಿ ಸಿಗುವ ಸಹಾಯಧನ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಕ್ಷಯದ ಉಚಿತ ಸಹಾಯವಾಣಿ 1800-11-6666, ಜಾನುವಾರುಗಳಿಗೆ 1962.